ದಂಪತಿಗಳ ಆಹಾರ: ಅಳತೆ ಮೊದಲು, ಸಲಹೆ ಅನಂತರ

ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ಆಸ್ಪತ್ರೆಗಳಿಗೆ ಬಂದು, "ಏನನ್ನು ಉಣ್ಣಬೇಕು, ಏನನ್ನು ಬಿಡಬೇಕು?" ಎಂದು ಕೇಳುವ ವಯಸ್ಕರು ಅನೇಕರಿದ್ದಾರೆ. ಇದು ಸಂತೋಷದ ವಿಷಯ. ಆದರೆ ಈ ಪ್ರಶ್ನೆ ಹುಟ್ಟುವುದು ಸಾಮಾನ್ಯವಾಗಿ ಕಾಯಿಲೆ ಕಾಣಿಸಿಕೊಂಡ ಮೇಲೆ. ಅದೂ ಒಬ್ಬರ ಸಲುವಾಗಿ ಮಾತ್ರ. ಪತಿಗೆ ಸಕ್ಕರೆ ಕಾಯಿಲೆ ಎಂದು ಜೊತೆಯಲ್ಲಿ ಬಂದ ಪತ್ನಿಯ ಕಣ್ಣುಗಳು ಬಿಳಿಚಿಕೊಂಡಿದ್ದರೂ ಆಕೆ ತನಗಾಗಿ ಏನನ್ನೂ ಕೇಳುವುದಿಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ನೂರು ಮಹಿಳೆಯರಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆಯಿದೆ. ಸುಮಾರು 17 ಮಂದಿ ಇರಬೇಕಾದುದಕ್ಕಿಂತ ಕಡಿಮೆ ತೂಕದವರು. ಸುಮಾರು 30 ಮಂದಿ ಹೆಚ್ಚು ತೂಕದವರು. ಪುರುಷರಲ್ಲಿಯೂ ಹೆಚ್ಚು ತೂಕದವರ ಪ್ರಮಾಣ ಬಹುತೇಕ ಇಷ್ಟೇ. ಒಂದೇ ಒಲೆಯ ಅಡುಗೆಯನ್ನು ಉಂಡರೂ ಪತಿಗೆ ಬೊಜ್ಜು, ಪತ್ನಿಗೆ ರಕ್ತಹೀನತೆ ಉಂಟಾಗಬಹುದು. ದಪ್ಪಗಿರುವವರಲ್ಲಿಯೂ ರಕ್ತ ಕಡಿಮೆಯಿರಬಹುದು. ಆದ್ದರಿಂದ ಕಣ್ಣಂದಾಜನ್ನು ನಂಬಬಾರದು.

ಮೂರು ಅಳತೆಗಳು

1. ತೂಕ: ಎತ್ತರಕ್ಕೆ ತಕ್ಕ ತೂಕವಿರಬೇಕು. 150 ಸೆಂಟಿಮೀಟರ್ ಎತ್ತರದವರಿಗೆ ಸುಮಾರು 42ರಿಂದ 51 ಕಿಲೋ, 160 ಸೆಂಟಿಮೀಟರ್ ಎತ್ತರದವರಿಗೆ 48ರಿಂದ 58 ಕಿಲೋ ತೂಕ ಸರಿಯಾದುದು. ಗರ್ಭಿಣಿಯರಿಗೆ ಈ ಲೆಕ್ಕ ಅನ್ವಯಿಸದು.

2. ಹೊಟ್ಟೆಯ ಸುತ್ತಳತೆ: ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪು ಹಿಡಿದು ಅಳೆಯಬೇಕು. ಪುರುಷರಲ್ಲಿ 90, ಮಹಿಳೆಯರಲ್ಲಿ 80 ಸೆಂಟಿಮೀಟರ್ ತಲುಪಿದರೆ ಸಕ್ಕರೆ ಕಾಯಿಲೆ ಮತ್ತು ಹೃದಯರೋಗಗಳ ಸಂಭವ ಹೆಚ್ಚು.

3. ರಕ್ತ: ಹಿಮೊಗ್ಲೋಬಿನ್ ಪುರುಷರಲ್ಲಿ 13, ಮಹಿಳೆಯರಲ್ಲಿ 12, ಗರ್ಭಿಣಿಯರಲ್ಲಿ 11 ಗ್ರಾಂಗಿಂತ ಕಡಿಮೆಯಿರಬಾರದು.

30 ವರ್ಷ ದಾಟಿದವರು ರಕ್ತದೊತ್ತಡ ಮತ್ತು ಸಕ್ಕರೆ ಅಂಶವನ್ನೂ ಪರೀಕ್ಷಿಸಿಕೊಳ್ಳಬೇಕು.

ಕೊರತೆ ಎಲ್ಲಿದೆ?

ನಮ್ಮ ನಾಡಿನ ರಾಗಿ ಸುಣ್ಣಾಂಶದ ಭಂಡಾರ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣಾಂಶವಿದೆ. ಹುರುಳಿ, ಅವರೆ, ಅಲಸಂದೆಗಳು ಸಸಾರಜನಕವನ್ನು ಒದಗಿಸುತ್ತವೆ. ಇವೆಲ್ಲ ಹೊಲದಲ್ಲಿಯೇ ಬೆಳೆದರೂ ತಟ್ಟೆಯಲ್ಲಿ ಮುದ್ದೆ ಮತ್ತು ಅನ್ನ ಹೆಚ್ಚು, ಕಾಳು ಮತ್ತು ಸೊಪ್ಪು ಕಡಿಮೆ. ಕರೆದ ಹಾಲೆಲ್ಲವೂ ಡೈರಿಗೆ ಹೋಗಿ, ಮನೆಯಲ್ಲಿ ಕಾಫಿಗೆ ಮಾತ್ರ ಉಳಿಯುವುದುಂಟು. ಉಳುಮೆಗೆ ಟ್ರ್ಯಾಕ್ಟರ್, ಓಡಾಟಕ್ಕೆ ಬೈಕು ಬಂದು ಮೈದುಡಿಮೆ ಇಳಿದಿದ್ದರೂ ಮುದ್ದೆಯ ಗಾತ್ರ ಇಳಿದಿಲ್ಲ. ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಉಣ್ಣುವ ಗೃಹಿಣಿಗೆ ಸಾರಿನ ತಿಳಿ ಮಾತ್ರ ಸಿಗುತ್ತದೆ. ಕಾಳು ಅಷ್ಟರಲ್ಲಿ ಮುಗಿದಿರುತ್ತದೆ.

ಸರಿಪಡಿಸುವ ಬಗೆ

ಸಕ್ಕರೆ ಕಾಯಿಲೆಗೆ ಅನ್ನ ಬಿಟ್ಟು ಮುದ್ದೆಯನ್ನು ಎಷ್ಟಾದರೂ ಉಣ್ಣಬಹುದೆಂಬ ನಂಬಿಕೆ ತಪ್ಪು. ರಾಗಿಯಲ್ಲಿಯೂ ಹೆಚ್ಚಿನ ಪಾಲು ಪಿಷ್ಟವೇ. ಎರಡು ಮುದ್ದೆ ಉಣ್ಣುವವರು ಒಂದಕ್ಕಿಳಿಸಿ, ಕಾಳು ಮತ್ತು ತರಕಾರಿಯನ್ನು ಹೆಚ್ಚಿಸಬೇಕು. ಆಲೂಗೆಡ್ಡೆಯೂ ಪಿಷ್ಟಪ್ರಧಾನವಾದುದರಿಂದ ಅದನ್ನು ತರಕಾರಿಯ ಲೆಕ್ಕಕ್ಕೆ ಹಿಡಿಯಬಾರದು. ಔಷಧಿ ಅಥವಾ ಇನ್ಸುಲಿನ್ ಪಡೆಯುವವರು ಊಟ ತಪ್ಪಿಸಿದರೆ ಸಕ್ಕರೆ ಅಂಶ ಅಪಾಯಕರವಾಗಿ ಇಳಿಯಬಹುದು. ವೈದ್ಯರನ್ನು ಕೇಳಿಯೇ ಊಟವನ್ನು ಬದಲಿಸಿರಿ. ದಿನಕ್ಕೆ ಒಬ್ಬರಿಗೆ 5 ಗ್ರಾಂ, ಅಂದರೆ ಒಂದು ಚಹಾ ಚಮಚದಷ್ಟು ಉಪ್ಪನ್ನು ಮೀರಬಾರದು. ಉಪ್ಪಿನಕಾಯಿ, ಹಪ್ಪಳಗಳ ಉಪ್ಪೂ ಇದರಲ್ಲಿಯೇ ಸೇರಿದೆ.

ರಕ್ತಹೀನತೆಯಿರುವವರು ನುಗ್ಗೆ, ದಂಟು, ಹೊನಗನ್ನೆ ಸೊಪ್ಪುಗಳನ್ನೂ ಮೊಳಕೆ ಬಂದ ಹುರುಳಿಯನ್ನೂ ಬಳಸಬೇಕು. ಬಸ್ಸಾರು ಮಾಡುವಾಗ ಬಸಿದ ನೀರು ವ್ಯರ್ಥವಾಗದಿರುವುದು ನಮ್ಮ ಹಿರಿಯರ ಜಾಣ್ಮೆ. ಊಟಕ್ಕೆ ನಿಂಬೆರಸ ಸೇರಿಸಿದರೆ ಕಬ್ಬಿಣಾಂಶ ಚೆನ್ನಾಗಿ ಮೈಗೂಡುತ್ತದೆ. ಕಾಫಿ ಮತ್ತು ಚಹಾ ಅದನ್ನು ತಡೆಯುವುದರಿಂದ ಊಟಕ್ಕೂ ಅವುಗಳಿಗೂ ಒಂದು ಗಂಟೆಯ ಅಂತರವಿರಲಿ. ಆದರೆ ರಕ್ತ ತೀರ ಕಡಿಮೆಯಿದ್ದಲ್ಲಿ ಆಹಾರವೊಂದೇ ಸಾಲದು, ಚಿಕಿತ್ಸೆ ಅಗತ್ಯ.

ತಾಯಿಯ ಚೇತರಿಕೆ

ಪ್ರತಿ ಹೆರಿಗೆಯಲ್ಲಿಯೂ ತಾಯಿಯ ದೇಹದ ಕಬ್ಬಿಣಾಂಶ ಖರ್ಚಾಗುತ್ತದೆ. ಗರ್ಭದ ನಾಲ್ಕನೆಯ ತಿಂಗಳಿನಿಂದ 180 ದಿನ, ಹೆರಿಗೆಯ ನಂತರ 180 ದಿನ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಯನ್ನು ದಿನಕ್ಕೊಂದರಂತೆ ಸೇವಿಸಬೇಕು. ಹೆರಿಗೆಯಾದ ಮೇಲೆ ಮುಂದಿನ ಗರ್ಭಧಾರಣೆಗೆ ಕನಿಷ್ಠ ಎರಡು ವರ್ಷಗಳ ಅಂತರವಿರಲಿ. ಈ ಅಂತರವನ್ನು ಕಾಯುವ ಹೊಣೆ ಪತಿಪತ್ನಿಯರಿಬ್ಬರದೂ ಆಗಿದೆ. ಸೂಕ್ತ ವಿಧಾನವನ್ನು ಆರೋಗ್ಯ ಸಿಬ್ಬಂದಿಯಿಂದ ತಿಳಿಯಿರಿ.

ನೆನಪಿಡಿ

• ಆಸ್ಪತ್ರೆಗೆ ಯಾರ ಸಲುವಾಗಿ ಹೋದರೂ ಇಬ್ಬರೂ ಅಳತೆ ಮಾಡಿಸಿಕೊಳ್ಳಿ.
• ದಿನಕ್ಕೊಂದು ಹೊತ್ತಾದರೂ ಜೊತೆಯಲ್ಲಿ ಕುಳಿತು ಉಣ್ಣಿರಿ; ಆಗ ಕಾಳಿನ ಪಾಲು ಇಬ್ಬರಿಗೂ ದೊರೆಯುವುದು.
• ಮಾರುವ ಮೊದಲು ಮನೆಯ ಪಾಲಿನ ಹಾಲು, ಕಾಳು, ತರಕಾರಿಗಳನ್ನು ತೆಗೆದಿಡಿ.
• ಮೂರು ತಿಂಗಳ ನಂತರ ಪುನಃ ಅಳತೆ ಮಾಡಿಸಿ, ಸಲಹೆಯಿಂದ ಆದ ಫಲವನ್ನು ಕಂಡುಕೊಳ್ಳಿ.

ಪ್ರಶ್ನೆಗಳು

1. ನಿಮ್ಮಿಬ್ಬರ ತೂಕ, ಸುತ್ತಳತೆ ಮತ್ತು ಹಿಮೊಗ್ಲೋಬಿನ್ ಎಷ್ಟು?
2. ನಿನ್ನೆ ರಾತ್ರಿ ನಿಮ್ಮ ಮನೆಯಲ್ಲಿ ಕೊನೆಗೆ ಉಂಡವರ ತಟ್ಟೆಯಲ್ಲಿ ಏನಿತ್ತು?