ಸದಾಶಿವ ಪೇಠದಲ್ಲಿ ಪಿಜಿ ಓದು: ಆಟಿಸಂ ಇರುವ ನಿಮಗೆ ಗೆಲುವಿನ ಸೂತ್ರಗಳು

ಬೆಳಗಾವಿ, ಧಾರವಾಡ, ವಿಜಯಪುರದ ಕಡೆಯಿಂದ ಪುಣೆಗೆ ಓದಲು ಬರುವವರಿಗೆ ಸದಾಶಿವ ಪೇಠ ಹೊಸದೇನಲ್ಲ. ಸ್ವಾರಗೇಟಿನಲ್ಲಿ ಬಸ್ ಇಳಿದರೆ ಆಟೊದಲ್ಲಿ ಸ್ವಲ್ಪ ಹೊತ್ತಿನ ದಾರಿ. ಟಿಳಕ್ ರಸ್ತೆಯಲ್ಲಿ ಎಸ್.ಪಿ. ಕಾಲೇಜು, ಒಳಗಿನ ಗಲ್ಲಿಗಳಲ್ಲಿ ಅಭ್ಯಾಸಿಕೆಗಳು (ಓದುವ ಕೋಣೆಗಳು), ಮೆಸ್‌ಗಳು, ಮಂಚದ ಲೆಕ್ಕದ ‘ಕಾಟ್ ಬೇಸಿಸ್’ ರೂಮುಗಳು. ಎಂಪಿಎಸ್‌ಸಿ, ಯುಪಿಎಸ್‌ಸಿ, ನೆಟ್ ಎಂದು ಸಾವಿರಾರು ಹುಡುಗ ಹುಡುಗಿಯರು ಇಲ್ಲಿ ಓದುತ್ತಾರೆ. ಅವರ ನಡುವೆ ನೀವೂ ಇದ್ದೀರಿ. ನಿಮಗೆ ಆಟಿಸಂ ಇದೆ, ನಿಮಗೆ ಎಂ.ಎ., ಎಂ.ಎಸ್ಸಿ. ಅಥವಾ ಪಿಎಚ್.ಡಿ. ಬೇಕು. ಸಿಗುತ್ತದೆ. ಹೇಗೆ ಎಂಬುದನ್ನು ನೋಡೋಣ.

1. "ನನ್ನಿಂದ ಆಗುತ್ತಾ?" ಎಂದು ಕೇಳಿಕೊಳ್ಳುವುದನ್ನು ಬಿಡಿ.

ಅದೊಂದು ಅಭ್ಯಾಸ, ಅಷ್ಟೇ. "ಏನೇನಿದ್ದರೆ ನನ್ನಿಂದ ಆಗುತ್ತದೆ?" ಎಂದು ಕೇಳಿ, ಉತ್ತರವನ್ನು ಪಟ್ಟಿ ಮಾಡಿ. ಟೆಂಪಲ್ ಗ್ರ್ಯಾಂಡಿನ್ 1989ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಿಂದ ಪಶುವಿಜ್ಞಾನದಲ್ಲಿ ಪಿಎಚ್.ಡಿ. ಪಡೆದರು. ಜೇಸನ್ ಆರ್ಡೆ 11ನೇ ವಯಸ್ಸಿನವರೆಗೆ ಮಾತಾಡಲಿಲ್ಲ, ಓದು ಬರಹ ಕೈಹಿಡಿದದ್ದು 18ರಲ್ಲಿ. 2023ರಲ್ಲಿ ಕೇಂಬ್ರಿಜ್‌ನಲ್ಲಿ ಪ್ರೊಫೆಸರ್ ಆದರು. ಇಬ್ಬರೂ ಆಟಿಸ್ಟಿಕ್. ವಯಸ್ಸು ಮೀರಿತು ಎಂಬ ಚಿಂತೆಯೂ ಬೇಡ. ನಮ್ಮ ಕವಿ ಬೇಂದ್ರೆ ಇದೇ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದ್ದು 1918ರಲ್ಲಿ, ಎಂ.ಎ. ಮಾಡಿದ್ದು 1935ರಲ್ಲಿ.

2. ನಿಮ್ಮನ್ನು ಬಿಡದೆ ಕಾಡುವ ವಿಷಯವನ್ನೇ ಆರಿಸಿ.

ಶಾಲೆಯಲ್ಲಿ "ಅದೊಂದನ್ನೇ ಎಷ್ಟು ಹೊತ್ತು ಹಿಡ್ಕೊಂಡು ಕೂರ್ತೀಯಾ" ಎಂದು ಬೈಸಿಕೊಂಡ ಗುಣ ಇದು. ಪಿಜಿಯಲ್ಲಿ ಅಂಕ ಬರುವುದೇ ಇದರಿಂದ. ಬಿ.ಎ.ಯಲ್ಲಿ ಆರು ವಿಷಯವನ್ನು ಮೇಲೆ ಮೇಲೆ ಓದಿದರೆ ಸಾಕಿತ್ತು. ಸಂಶೋಧನೆಗೆ ಒಂದೇ ವಿಷಯವನ್ನು ತಳದವರೆಗೆ ಅಗೆಯುವವರು ಬೇಕು. ಸಂಬಳ, ಸ್ಕೋಪ್ ಎಂದು ಮನೆಯವರು ಹೇಳುವುದನ್ನು ಕೇಳಿ, ಆದರೆ ಎರಡನೇ ಸ್ಥಾನದಲ್ಲಿಡಿ. ಆಸಕ್ತಿ ಇಲ್ಲದ ವಿಷಯದಲ್ಲಿ ಎರಡು ವರ್ಷ ಕೂರುವುದು ಯಾರಿಗೂ ಕಷ್ಟ, ನಿಮಗೆ ಇನ್ನೂ ಕಷ್ಟ.

ಪುಣೆಯಲ್ಲಿ ಆಯ್ಕೆಗೆ ಬರವಿಲ್ಲ. ಭಾಷಾಶಾಸ್ತ್ರ, ಪುರಾತತ್ವಕ್ಕೆ ಡೆಕ್ಕನ್ ಕಾಲೇಜು. ಅರ್ಥಶಾಸ್ತ್ರಕ್ಕೆ ಗೋಖಲೆ ಇನ್‌ಸ್ಟಿಟ್ಯೂಟ್. ವಿಜ್ಞಾನಕ್ಕೆ ಐಸರ್, 1949ರಲ್ಲಿ ಶುರುವಾದ ಪುಣೆ ವಿಶ್ವವಿದ್ಯಾಲಯ. ಸದಾಶಿವ ಪೇಠದಲ್ಲೇ ಒಂದು ಚಿನ್ನದ ಗಣಿ ಇದೆ: ಇತಿಹಾಸಕಾರ ವಿ.ಕಾ. ರಾಜವಾಡೆ 1910ರಲ್ಲಿ ಕಟ್ಟಿದ ಭಾರತ ಇತಿಹಾಸ ಸಂಶೋಧಕ ಮಂಡಳ. ಅಲ್ಲಿ ಹಿಂದೆ ಮರಾಠಿ ಬರೆಯುತ್ತಿದ್ದ ಮೋಡಿ ಲಿಪಿಯ ದಾಖಲೆಗಳು ರಾಶಿ ರಾಶಿ ಇವೆ. ಮೋಡಿಯಲ್ಲಿ ಪೆನ್ನು ಎತ್ತದೆ ಅಕ್ಷರ ಜೋಡಿಸುತ್ತಾ ಹೋಗುತ್ತಾರೆ. ಒಂದು ಪದ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂದು ಕಣ್ಣಿಟ್ಟು ಹುಡುಕಬೇಕು. ಹೆಚ್ಚಿನವರು ಒಂದು ವಾರಕ್ಕೇ ಕೈಬಿಡುವ ಕೆಲಸ. ಚಿಕ್ಕ ಚಿಕ್ಕ ವ್ಯತ್ಯಾಸ ತಟ್ಟನೆ ಕಾಣುವ ಕಣ್ಣು ನಿಮ್ಮದಾಗಿದ್ದರೆ ಇಲ್ಲಿ ನೀವು ಮುಂದೆ. ಪೇಶ್ವೆಗಳ ಕಾಲದ ಉತ್ತರ ಕರ್ನಾಟಕದ ಚರಿತ್ರೆ ಮೋಡಿ ಬಲ್ಲ ಕನ್ನಡಿಗರಿಗಾಗಿ ಕಾಯುತ್ತಿದೆ. ಇದನ್ನು ನಾನು ಮನಸಾರೆ ಹೇಳುತ್ತಿದ್ದೇನೆ.

3. ಅಡ್ಮಿಷನ್‌ಗಿಂತ ಮೊದಲು ಅಂಗವೈಕಲ್ಯದ ಸರ್ಟಿಫಿಕೇಟ್, ಯುಡಿಐಡಿ ಗುರುತಿನ ಕಾರ್ಡ್ ಮಾಡಿಸಿ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸುತ್ತದೆ. ಆಟಿಸಂ ಅದರಲ್ಲಿ ಒಂದು. ಸರ್ಟಿಫಿಕೇಟಿನಲ್ಲಿ 40 ಪ್ರತಿಶತ ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ 5 ಪ್ರತಿಶತ ಸೀಟಿನ ಮೀಸಲಾತಿ, ವಯೋಮಿತಿಯಲ್ಲಿ 5 ವರ್ಷದ ಸಡಿಲಿಕೆ ನಿಮ್ಮ ಹಕ್ಕು. ಅರ್ಜಿ ಆನ್‌ಲೈನ್. ಊರಲ್ಲೇ ಮಾಡಿಸಿಕೊಂಡು ಬನ್ನಿ. ಕರ್ನಾಟಕದ ಸರ್ಟಿಫಿಕೇಟ್ ಇಡೀ ದೇಶದಲ್ಲಿ ನಡೆಯುತ್ತದೆ.

ಆಟಿಸಂ ಅಳೆಯುವುದು ಇಸಾ ಎಂಬ ಸ್ಕೇಲಿನಲ್ಲಿ. 40 ಅಂಶಗಳಿರುತ್ತವೆ, ಒಂದೊಂದಕ್ಕೂ 1ರಿಂದ 5 ಅಂಕ. ಮೊತ್ತ 70 ಮುಟ್ಟಿದರೆ ಆಟಿಸಂ ಎಂದು ಗುರುತಿಸುತ್ತಾರೆ. ದೊಡ್ಡವರು ಎಡವುವುದು ಇಲ್ಲೇ. ವರ್ಷಾನುಗಟ್ಟಲೆ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವುದನ್ನು, ನಗಬೇಕಾದಲ್ಲಿ ನಗುವುದನ್ನು ಪ್ರಾಕ್ಟೀಸ್ ಮಾಡಿರುತ್ತೀರಿ. ಡಾಕ್ಟರ ಮುಂದೆಯೂ ಅದನ್ನೇ ಮಾಡುತ್ತೀರಿ, "ಚೆನ್ನಾಗಿದ್ದೀರಲ್ಲ" ಎಂದು ಕಳಿಸುತ್ತಾರೆ. ಆ ದಿನ ನಟನೆ ಬೇಡ. ಕೆಟ್ಟ ದಿನ ಹೇಗಿರುತ್ತದೆ ಎಂದು ಮನೆಯಲ್ಲೇ ಎರಡು ಪುಟ ಬರೆದು ಒಯ್ಯಿರಿ. ಚಿಕ್ಕಂದಿನಲ್ಲಿ ನೀವು ಹೇಗಿದ್ದಿರಿ ಎಂದು ಹೇಳಲು ಅಮ್ಮನನ್ನೋ ಅಕ್ಕನನ್ನೋ ಕರೆದುಕೊಂಡು ಹೋಗಿ. ಶಾಲೆಯ ರಿಪೋರ್ಟ್ ಕಾರ್ಡುಗಳಿದ್ದರೆ ಅವೂ ಇರಲಿ. ಮೊದಲ ಬಾರಿ ಪರೀಕ್ಷಿಸಿಕೊಳ್ಳುವವರು ಮೈಸೂರಿನ ವಾಕ್ ಶ್ರವಣ ಸಂಸ್ಥೆ ಅಥವಾ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವಿಚಾರಿಸಿ.

4. 40 ಪ್ರತಿಶತ ಬರಲಿಲ್ಲ ಎಂದು ಕೈಚೆಲ್ಲಬೇಡಿ.

ಸೀಟಿನ ಮೀಸಲಾತಿಗೆ 40 ಪ್ರತಿಶತ ಬೇಕು. ಪರೀಕ್ಷೆಯಲ್ಲಿ ನೆರವು ಕೇಳಲು ಬೇಕಿಲ್ಲ. ವಿಕಾಶ್ ಕುಮಾರ್ ಮತ್ತು ಯುಪಿಎಸ್‌ಸಿ ನಡುವಿನ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಆ ಅಭ್ಯರ್ಥಿಗೆ ಬರೆಯುವಾಗ ಕೈ ಸೆಟೆದುಕೊಳ್ಳುತ್ತಿತ್ತು. 40ರ ಗೆರೆ ತೋರಿಸಿ ಸ್ಕ್ರೈಬನ್ನು, ಅಂದರೆ ಬರೆದುಕೊಡುವವರನ್ನು, ನಿರಾಕರಿಸುವಂತಿಲ್ಲ ಎಂದಿತು ಕೋರ್ಟ್. ತೀರ್ಪಿನ ಪ್ರಿಂಟ್ ಒಂದು ಫೈಲಿನಲ್ಲಿರಲಿ. ಸ್ಕ್ರೈಬ್ ಸೌಲಭ್ಯಕ್ಕೆ ಅರ್ಹರಾದವರಿಗೆ ಪರೀಕ್ಷೆಯ ಗಂಟೆಗೆ 20 ನಿಮಿಷ ಹೆಚ್ಚುವರಿ ಎಂಬುದು ಕೇಂದ್ರದ ಮಾರ್ಗಸೂಚಿ. ಮೂರು ಗಂಟೆಯ ಪೇಪರಿಗೆ ಒಂದು ಗಂಟೆ. ಪರೀಕ್ಷಾ ವಿಭಾಗಕ್ಕೆ ಅರ್ಜಿಯನ್ನು ಸೆಮಿಸ್ಟರ್ ಶುರುವಾದ ತಿಂಗಳಲ್ಲೇ ಕೊಡಿ. ಹಾಲ್ ಟಿಕೆಟ್ ಬಂದ ಮೇಲೆ ಓಡಾಡಿದರೆ ಕೆಲಸವಾಗುವುದಿಲ್ಲ.

5. ದುಡ್ಡಿನ ಲೆಕ್ಕ, ವರ್ಷಗಳ ಲೆಕ್ಕ ಎರಡನ್ನೂ ಹಾಕಿ.

ನೆಟ್ ಪಾಸಾಗಿ ಜೆಆರ್‌ಎಫ್ ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. 2023ರಿಂದ ಈ ದರ. ವಿಕಲಚೇತನರಿಗೆ ಜೆಆರ್‌ಎಫ್ ವಯೋಮಿತಿಯಲ್ಲಿ 5 ವರ್ಷ ಸಡಿಲಿಕೆ ಇದೆ. ಪಿಎಚ್.ಡಿ. ಪ್ರವೇಶಕ್ಕೆ ಪಿಜಿಯಲ್ಲಿ 55 ಪ್ರತಿಶತ ಬೇಕಾದಲ್ಲಿ ನಿಮಗೆ 50 ಸಾಕು. ಯುಜಿಸಿಯ 2022ರ ನಿಯಮದಂತೆ ಗರಿಷ್ಠ ಅವಧಿ 6 ವರ್ಷ. ಅದರ ಮೇಲೆ ಸಿಗುವ ವಿಸ್ತರಣೆಯಲ್ಲಿ 40ಕ್ಕಿಂತ ಹೆಚ್ಚು ಪ್ರತಿಶತದವರಿಗೆ ಇನ್ನೂ 2 ವರ್ಷ ಜಾಸ್ತಿ. ಈ ಹೆಚ್ಚಿನ ವರ್ಷಗಳನ್ನು ತೆಗೆದುಕೊಳ್ಳಲು ನಾಚಬೇಡಿ. ಕೊಟ್ಟಿರುವುದೇ ಬಳಸಲಿಕ್ಕೆ.

6. ಎಲ್ಲವನ್ನೂ ಬರಹದಲ್ಲಿ ಪಡೆಯಿರಿ.

ಸದಾಶಿವ ಪೇಠದ ಬಾಗಿಲು ಬಾಗಿಲಿಗೂ ಪುಣೇರಿ ಪಾಟಿ ಎಂಬ ಸೂಚನಾ ಫಲಕಗಳಿವೆ. ಇಲ್ಲಿ ಗಾಡಿ ನಿಲ್ಲಿಸಬೇಡಿ, ಬೆಲ್ ಒಂದೇ ಸಲ ಒತ್ತಿ, ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಕರೆಯಬೇಡಿ. ಹೊರಗಿನವರಿಗೆ ಒರಟು ಅನಿಸಬಹುದು. ನಿಮಗೆ ಇದು ವರ: ನಿಯಮ ಏನು ಎಂದು ಊಹಿಸಬೇಕಿಲ್ಲ, ಗೋಡೆಯ ಮೇಲೇ ಇದೆ. ಇದೇ ಸ್ಪಷ್ಟತೆಯನ್ನು ನಿಮ್ಮ ಗೈಡ್ ಹತ್ತಿರವೂ ಕೇಳಿ ಪಡೆಯಿರಿ.

"ಸ್ವಲ್ಪ ಚೆನ್ನಾಗಿ ಮಾಡ್ಕೊಂಡು ಬನ್ನಿ" ಎಂದರೆ ಏನರ್ಥ? ಎಷ್ಟು ಪುಟ, ಯಾವ ಅಧ್ಯಾಯ, ಯಾವತ್ತಿಗೆ? ಮೀಟಿಂಗ್ ಮುಗಿದ ದಿನವೇ ಮೇಲ್ ಹಾಕಿ: "ಸರ್, ಇವತ್ತಿನ ಚರ್ಚೆಯಿಂದ ನನಗೆ ಅರ್ಥವಾದದ್ದು ಮೂರು. ಎರಡನೇ ಅಧ್ಯಾಯದ ಪೀಠಿಕೆಯನ್ನು ನಾಲ್ಕು ಪುಟಕ್ಕೆ ಇಳಿಸಬೇಕು. ಟೇಬಲ್ ಮೂರನ್ನು ತೆಗೆಯಬೇಕು. ಮುಂದಿನ ಶುಕ್ರವಾರದೊಳಗೆ ಕಳಿಸಬೇಕು. ತಪ್ಪಿದ್ದರೆ ತಿಳಿಸಿ." ಇಷ್ಟು ಸಾಕು. ಗೈಡ್‌ಗೂ ಇದರಿಂದ ಅನುಕೂಲ. ಮಾತು ಅರ್ಥವಾಗದೆ ಹೋದಾಗಲೆಲ್ಲ ತಪ್ಪು ನಿಮ್ಮದೇ ಎಂದು ಒಪ್ಪಿಕೊಳ್ಳುವ ಚಾಳಿಯನ್ನೂ ಬಿಡಿ. ಸ್ವತಃ ಆಟಿಸ್ಟಿಕ್ ಆದ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ 2012ರಲ್ಲೇ ವಾದಿಸಿದ್ದಾರೆ: ಅರ್ಥವಾಗದಿರುವುದು ಎರಡೂ ಕಡೆಯ ಸಮಸ್ಯೆ.

7. ಹೇಳಬೇಕಾದವರಿಗೆ ಹೇಳಿ, ಹೇಳಬೇಕಾದಷ್ಟೇ ಹೇಳಿ.

ಪರೀಕ್ಷಾ ವಿಭಾಗಕ್ಕೆ ದಾಖಲೆ. ಗೈಡ್‌ಗೆ ಎರಡು ವಾಕ್ಯ: "ನನಗೆ ಆಟಿಸಂ ಇದೆ. ಸೂಚನೆಗಳು ಬರಹದಲ್ಲಿದ್ದರೆ ಕೆಲಸ ಬೇಗ ಆಗುತ್ತದೆ." ಇಡೀ ಕ್ಲಾಸಿಗೆ ಹೇಳುವುದು ಬಿಡುವುದು ನಿಮ್ಮ ಇಷ್ಟ.

8. ಅಭ್ಯಾಸಿಕೆಯ ಸೀಟನ್ನು ಪರೀಕ್ಷಿಸಿ ತೆಗೆದುಕೊಳ್ಳಿ.

ಫೀ ಕಟ್ಟುವ ಮುಂಚೆ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಒಂದೊಂದು ಸಲ ಹೋಗಿ ಕೂತು ನೋಡಿ. ತಲೆಯ ಮೇಲಿನ ಟ್ಯೂಬ್‌ಲೈಟ್ ಮಿಟುಕುತ್ತದೆಯೇ? ಫ್ಯಾನ್ ಕಟಕಟ ಅನ್ನುತ್ತದೆಯೇ? ಎಸಿ ಗಾಳಿ ನೇರ ಕತ್ತಿಗೆ ಬಡಿಯುತ್ತದೆಯೇ? ಚಹಾಕ್ಕೆ ಏಳುವವರೆಲ್ಲ ನಿಮ್ಮ ಕುರ್ಚಿಗೆ ತಾಗಿಕೊಂಡೇ ಹೋಗುತ್ತಾರೆಯೇ? ಮೂಲೆಯ ಸೀಟು ಕೇಳಿ, ಒಂದು ಪಕ್ಕಕ್ಕೆ ಗೋಡೆ ಇರಲಿ. ರಿಸರ್ವ್ಡ್ ಸೀಟಿಗೆ ಸ್ವಲ್ಪ ಹೆಚ್ಚು ಕೊಡಬೇಕಾದರೂ ಕೊಡಿ. ದಿನಾ ಹೊಸ ಜಾಗ ಹುಡುಕುವುದರಲ್ಲೇ ಖರ್ಚಾಗುವ ಶಕ್ತಿ ಪುಸ್ತಕಕ್ಕೆ ಸಿಗಲಿ. ಇಯರ್‌ಪ್ಲಗ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಎರಡು ಜೊತೆ ಬ್ಯಾಗಿನಲ್ಲಿ ಖಾಯಂ ಇರಲಿ.

9. ಮೆಸ್‌ನ ವಾರದ ಮೆನು ಕೇಳಿ ತಿಳಿದುಕೊಳ್ಳಿ.

ಏಕಾದಶಿ, ಚತುರ್ಥಿಗೆ ಸಾಬುದಾಣೆ ಖಿಚಡಿ ಬಡಿಸುವ ಮೆಸ್‌ಗಳಿವೆ. ಅದರ ಮೆತ್ತಗಿನ ಅಂಟು ನಿಮಗೆ ಆಗದಿದ್ದರೆ ಆ ದಿನಕ್ಕೆ ಬೇರೆ ವ್ಯವಸ್ಥೆ ಮಾಡಿಕೊಳ್ಳಿ. ಹಸಿದು ಓದಬೇಡಿ. ರೂಮನ್ನು ಸಾಧ್ಯವಾದರೆ ಒಬ್ಬರೇ ತೆಗೆದುಕೊಳ್ಳಿ. ಆಗದಿದ್ದರೆ ಲೈಟ್ ಆರಿಸುವ ಹೊತ್ತನ್ನು ರೂಮ್‌ಮೇಟ್ ಜೊತೆ ಮೊದಲ ದಿನವೇ ನಿಗದಿ ಮಾಡಿ.

10. ಪಕ್ಕದವರ ಹದಿನಾಲ್ಕು ಗಂಟೆಯನ್ನು ನಕಲು ಮಾಡಬೇಡಿ.

ಪೇಠದಲ್ಲಿ ಓದಿನ ಗಂಟೆಗಳ ಪೈಪೋಟಿ ಜೋರು. ಅದರಿಂದ ದೂರವಿರಿ. ಸದ್ದು, ಜನ, ಮರಾಠಿ, ಇಂಗ್ಲಿಷ್ ಎಲ್ಲವನ್ನೂ ದಿನವಿಡೀ ಅರಗಿಸಿಕೊಳ್ಳುವುದೇ ನಿಮಗೊಂದು ಪಾಳಿಯ ಕೆಲಸ. ವಿಶ್ರಾಂತಿಯನ್ನು ಟೈಮ್‌ಟೇಬಲ್‌ನಲ್ಲಿ ಬರೆಯಿರಿ, ಕ್ಲಾಸಿನಷ್ಟೇ ಕಡ್ಡಾಯವಾಗಿ. ಬೆಳಗ್ಗೆ ಬೇಗ ಎದ್ದು ಪರ್ವತಿ ಗುಡ್ಡದ ಮೆಟ್ಟಿಲು ಹತ್ತಿ ಬನ್ನಿ. ಸಂಜೆಯ ಸಾರಸ್ ಬಾಗ್ ಬೇಡ, ಗದ್ದಲ. ಮೊದಲು ಸುಲಭವಾಗಿದ್ದ ಕೆಲಸಗಳು, ಸ್ನಾನ, ಫೋನ್ ಎತ್ತುವುದು, ಭಾರವಾಗತೊಡಗಿದರೆ ಅದು ಬರ್ನ್‌ಔಟ್‌ನ ಸೂಚನೆ. ಆ ವಾರವೇ ಅರ್ಧ ಭಾರ ಇಳಿಸಿ, ಕಾಲೇಜಿನ ಕೌನ್ಸೆಲರ್ ಅಥವಾ ಡಾಕ್ಟರನ್ನು ಕಾಣಿ. ಒಂದು ವಾರ ಬಿಟ್ಟವರು ಸೆಮಿಸ್ಟರ್ ಉಳಿಸಿಕೊಳ್ಳುತ್ತಾರೆ.

11. ವೈವಾವನ್ನು ರಿಹರ್ಸಲ್ ಮಾಡಿ.

ಕೋಣೆಯನ್ನು ಹಿಂದಿನ ದಿನವೇ ನೋಡಿ ಬನ್ನಿ. ಯಾರು ಎಲ್ಲಿ ಕೂರುತ್ತಾರೆ, ಎಷ್ಟು ಹೊತ್ತು ಎಂದು ಕೇಳಿ. ಪ್ರಶ್ನೆಯನ್ನು ಕಾಗದದಲ್ಲಿ ಬರೆದುಕೊಂಡು ಉತ್ತರಿಸಲು ಮೊದಲೇ ಅನುಮತಿ ಪಡೆಯಿರಿ. ಕಣ್ಣು ನೋಡಿ ಮಾತಾಡುವುದು ಕಷ್ಟವಾದರೆ ನಿಮ್ಮ ಸ್ಲೈಡ್ ನೋಡಿ ಮಾತಾಡಿ. ಪ್ರಶ್ನೆ ಅಸ್ಪಷ್ಟವಾಗಿದ್ದರೆ "ನೀವು ಕೇಳುತ್ತಿರುವುದು ವಿಧಾನದ ಬಗ್ಗೆಯೇ, ಫಲಿತಾಂಶದ ಬಗ್ಗೆಯೇ?" ಎಂದು ಕೇಳಿ. ಒಳ್ಳೆಯ ಪರೀಕ್ಷಕರಿಗೆ ಈ ಮರುಪ್ರಶ್ನೆ ಇಷ್ಟವಾಗುತ್ತದೆ.

12. ಗಣೇಶೋತ್ಸವವನ್ನು ಜೂನ್‌ನಲ್ಲೇ ಪ್ಲ್ಯಾನ್ ಮಾಡಿ.

ಹಬ್ಬಕ್ಕೆ ವಾರಗಟ್ಟಲೆ ಮೊದಲೇ ಢೋಲ್ ತಾಶಾ ತಂಡಗಳ ಸಂಜೆಯ ಪ್ರಾಕ್ಟೀಸ್ ಶುರುವಾಗುತ್ತದೆ. ಅನಂತ ಚತುರ್ದಶಿಯ ವಿಸರ್ಜನೆಯ ಮೆರವಣಿಗೆ ಲಕ್ಷ್ಮೀ ರಸ್ತೆ, ಟಿಳಕ್ ರಸ್ತೆಗಳಲ್ಲಿ ರಾತ್ರಿ ಪೂರ್ತಿ ನಡೆದು ಮರುದಿನಕ್ಕೂ ಹೋಗುತ್ತದೆ. ಪೇಠದ ಒಳಗಿದ್ದರೆ ಎದೆಯೊಳಗೇ ಢೋಲು ಬಡಿದಂತೆ. ಪುಣೆಯ ಹೆಮ್ಮೆ ಅದು, ನೋಡಬೇಕೆನಿಸಿದರೆ ಮೊದಲ ದಿನಗಳಲ್ಲಿ ಬೆಳಗ್ಗೆ ಹೋಗಿ ಮಂಟಪ ನೋಡಿ ಬನ್ನಿ. ಆದರೆ ಆ ಹತ್ತು ದಿನಕ್ಕೆ ಡೆಡ್‌ಲೈನ್ ಒಪ್ಪಿಕೊಳ್ಳಬೇಡಿ. ಸಿನಾಪ್ಸಿಸ್, ಸೆಮಿನಾರ್ ಯಾವುದಿದ್ದರೂ ಹಬ್ಬಕ್ಕೆ ಮೊದಲೇ ಮುಗಿಸಿ. ಕೊನೆಯ ಮೂರು ದಿನಕ್ಕೆ ಊರಿಗೆ ಹೊರಡಿ. ರೈಲ್ವೆ ರಿಸರ್ವೇಶನ್ 60 ದಿನ ಮೊದಲು ತೆರೆಯುತ್ತದೆ. ಹುಬ್ಬಳ್ಳಿ ವಂದೇ ಭಾರತ್‌ನಲ್ಲಿ ಕಿಟಕಿ ಪಕ್ಕದ ಸೀಟು ಬೇಕಾದರೆ ರಿಸರ್ವೇಶನ್ ತೆರೆಯುವ ದಿನ ಬೆಳಗ್ಗೆಯೇ ಬುಕ್ ಮಾಡಿ.