ಪಿಯಾನೊ ವಿದ್ಯೆಯೂ ಹೆಣ್ಣುಮಕ್ಕಳ ಜೀವನವೂ



ಹಾರ್ಮೋನಿಯಮಿನ ಸ್ವರವನ್ನು ಕೇಳದವರು ನಮ್ಮ ಜಾಲ್ಸೂರಿನ ಕಡೆಯಲ್ಲಿ ವಿರಳ. ಪಿಯಾನೊವನ್ನು ಕಂಡವರಾದರೋ ಕೆಲವರೇ. ಬೆರಳಿಡುವ ಕರಿಬಿಳಿ ಮನೆಗಳು ಎರಡರಲ್ಲಿಯೂ ಉಂಟು. ಒಳಗಿನ ಏರ್ಪಾಡು ಮಾತ್ರ ಬೇರೆ. ಹಾರ್ಮೋನಿಯಮಿನಲ್ಲಿ ತಿದಿಯ ಗಾಳಿಯು ಸ್ವರವನ್ನೆಬ್ಬಿಸುತ್ತದೆ. ಪಿಯಾನೊದಲ್ಲಿ ಮನೆಯನ್ನು ಒತ್ತಿದೊಡನೆ ಉಣ್ಣೆಯ ಹೊದಿಕೆಯುಳ್ಳ ಸಣ್ಣ ಸುತ್ತಿಗೆಯೊಂದು ಮೇಲೆದ್ದು ತಂತಿಗೆ ಬಡಿಯುತ್ತದೆ. ಬೆರಳು ಮೆಲ್ಲನೆ ಬಿದ್ದರೆ ನಾದವು ಮೃದು, ಬಲವಾಗಿ ಬಿದ್ದರೆ ಗಂಭೀರ. 1700ರ ಸುಮಾರಿಗೆ ಇಟಲಿಯ ಫ್ಲಾರೆನ್ಸಿನಲ್ಲಿ ಕ್ರಿಸ್ಟೊಫೋರಿ ಎಂಬವನು ಈ ಉಪಾಯವನ್ನು ಕಂಡುಹಿಡಿದನು. ಈಗಿನ ವಾದ್ಯದಲ್ಲಿ ಸಾಮಾನ್ಯವಾಗಿ 88 ಮನೆಗಳಿರುತ್ತವೆ. ಹತ್ತು ಬೆರಳುಗಳಿಗೂ ಬೇರೆಬೇರೆ ಬಲವನ್ನು ಕಲಿಸುವುದಕ್ಕೆ ಬಾಲ್ಯದಿಂದಲೇ ನಿತ್ಯಾಭ್ಯಾಸವು ಬೇಕು. ಅದನ್ನು ಕಾಯ್ದುಕೊಳ್ಳುವುದಕ್ಕೆ ಜೀವಮಾನವಿಡೀ ಬೇಕು. ಆದುದರಿಂದ ನಡುವೆ ಬಿಟ್ಟ ವಿದ್ಯೆಯು ಕೈಯಲ್ಲಿ ನಿಲ್ಲುವುದಿಲ್ಲ.

ನಮ್ಮೂರ ಮುಂದೆ ಹಾದು ಸುಳ್ಯ, ಮಡಿಕೇರಿಗಳ ಮೇಲಿಂದ ಹೋಗುವ ಹೆದ್ದಾರಿಯು ಮೈಸೂರನ್ನು ಮುಟ್ಟುತ್ತದೆ. ಅಲ್ಲಿಯ ಅರಸುಮನೆಯಲ್ಲಿ ಈ ವಿದ್ಯೆಯನ್ನು ಸಾಧಿಸಿದ ಅಣ್ಣತಂಗಿಯರಿದ್ದರು. ಅಣ್ಣ ಜಯಚಾಮರಾಜ ಒಡೆಯರಿಗೆ ಸಭೆಗಳಲ್ಲಿ ನುಡಿಸುವ ವಾದಕರಾಗಬೇಕೆಂಬ ಆಸೆಯಿತ್ತು. 1940ರಲ್ಲಿ ದೊಡ್ಡಪ್ಪನವರಾದ ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಳ್ಳಲು, ಸಿಂಹಾಸನವನ್ನು ಏರಬೇಕಾಯಿತು. ಆದಾಗ್ಯೂ 1945ರಲ್ಲಿ ಅವರು ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಪದವಿಯನ್ನು ಪಡೆದರು. ಲಂಡನ್ನಿನಲ್ಲಿ ನೆಲಸಿದ್ದ ರಷ್ಯದ ಪಿಯಾನೊ ವಿದ್ವಾಂಸ ಮೆಟ್ನರರ ಕೃತಿಗಳು ಧ್ವನಿಮುದ್ರಣಗೊಳ್ಳುವಂತೆ ದ್ರವ್ಯಸಹಾಯ ಮಾಡಿದರು. ಆ ವಿದ್ವಾಂಸರು ತಮ್ಮ ಮೂರನೆಯ ಕಂಚರ್ಟೊವನ್ನು ಇವರಿಗೆ ಅರ್ಪಿಸಿದರು.

ತಂಗಿ ವಿಜಯಾದೇವಿಯವರು 1922ರಲ್ಲಿ ಜನಿಸಿದರು. ವೆಂಕಟಗಿರಿಯಪ್ಪನವರಲ್ಲಿ ವೀಣೆಯನ್ನೂ, ಮೈಸೂರಿನ ಗುಡ್ ಶೆಪರ್ಡ್ ಕಾನ್ವೆಂಟಿನಲ್ಲಿ ಪಿಯಾನೊವನ್ನೂ ಕಲಿತರು. ಸೌರಾಷ್ಟ್ರದ ಕೋಟ್ಡಾ ಸಾಂಗಾಣಿಯ ಅರಸುಮನೆಗೆ ಮದುವೆಯಾಗಿ ಹೋದರು. ನಮ್ಮಲ್ಲಿ ಅನೇಕರ ಸಂಗೀತವು ಇಷ್ಟಕ್ಕೇ ಮುಗಿಯುವುದುಂಟು, ಅವರದು ಮುಗಿಯಲಿಲ್ಲ. ಪತಿಯೊಡನೆ ನ್ಯೂಯಾರ್ಕಿನಲ್ಲಿದ್ದಾಗ ಎಡ್ವರ್ಡ್ ಸ್ಟಾಯರ್ಮನ್ ಎಂಬ ವಿಖ್ಯಾತ ಗುರುಗಳ ಬಳಿಯಲ್ಲಿ ಪುನಃ ಶಿಷ್ಯೆಯಾಗಿ ಕುಳಿತರು. 1974ರಲ್ಲಿ ಬೆಂಗಳೂರಿನಲ್ಲಿ ಇಂಟರ್‌ನ್ಯಾಷನಲ್ ಮ್ಯೂಸಿಕ್ ಅಂಡ್ ಆರ್ಟ್ಸ್ ಸೊಸೈಟಿಯನ್ನು ಸ್ಥಾಪಿಸಿ, ನಮ್ಮ ದೇಶದ ಹಾಗೂ ಪಾಶ್ಚಾತ್ಯ ದೇಶಗಳ ಕಲಾವಿದರಿಗೆ ವೇದಿಕೆಯನ್ನು ಒದಗಿಸಿದರು. 2005ರಲ್ಲಿ ತೀರಿಕೊಂಡರು.

"ಅರಸುಮನೆಯವರಿಗೆ ಅನುಕೂಲವುಂಟು, ನಮಗೆಲ್ಲಿಯದು?" ಎಂದು ಪೋಷಕರು ಕೇಳಬಹುದು. ಹಾಗಾದರೆ ಜರ್ಮನಿಯ ಕ್ಲಾರಾ ಶೂಮನ್ ಎಂಬಾಕೆಯನ್ನು ನೋಡೋಣ. ತಂದೆಯೇ ಗುರುವಾಗಿ ಕಲಿಸಿದ ಈಕೆ 1828ರಲ್ಲಿ, ಒಂಬತ್ತನೆಯ ವಯಸ್ಸಿನಲ್ಲಿ, ಲೈಪ್‌ಜಿಗ್ಗಿನ ಸಭೆಯಲ್ಲಿ ನುಡಿಸಿದಳು. ಎಂಟು ಮಕ್ಕಳನ್ನು ಹೆತ್ತಳು. 1856ರಲ್ಲಿ ಪತಿ ರಾಬರ್ಟ್ ತೀರಿಕೊಂಡ ಮೇಲೆ ಊರೂರು ತಿರುಗಿ ನುಡಿಸಿ ಸಂಸಾರವನ್ನು ಸಾಕಿದಳು. 1878ರಿಂದ ಫ್ರಾಂಕ್‌ಫರ್ಟಿನ ಸಂಗೀತ ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿ, ದೂರದೇಶಗಳಿಂದ ಬಂದ ಶಿಷ್ಯರಿಗೆ ಕಲಿಸಿದಳು. ಬಾಲ್ಯದಲ್ಲಿ ಕೈಗೂಡಿದ ವಿದ್ಯೆಯೇ ವೈಧವ್ಯದಲ್ಲಿ ಅನ್ನವೂ ಮುಪ್ಪಿನಲ್ಲಿ ಗೌರವವೂ ಆಯಿತು.

ನಮ್ಮ ಮಕ್ಕಳೆಲ್ಲರೂ ಪಿಯಾನೊ ವಾದಕಿಯರಾಗಬೇಕೆಂದು ನಾವು ಹೇಳುವುದಿಲ್ಲ. ಆದರೆ ಹುಡುಗಿಯರ ಸಂಗೀತವನ್ನು ಮದುವೆಯ ಮಾತುಕತೆಗೆ ಬೇಕಾದ ಒಡವೆಯೆಂದೆಣಿಸಿ, ಮದುವೆಯ ಮರುದಿನ ಪೆಟ್ಟಿಗೆಗೆ ಸೇರಿಸುವ ವಾಡಿಕೆಯು ತಕ್ಕದ್ದಲ್ಲ. ತಾಯಿತಂದೆಗಳು ಮಗಳನ್ನು ಕಳುಹಿಸುವಾಗ ಆಕೆಯ ವಾದ್ಯವನ್ನೂ ಜೊತೆಯಲ್ಲಿ ಕಳುಹಿಸಲಿ. ಅತ್ತೆಮಾವಂದಿರು ದಿನಕ್ಕೆ ಅರ್ಧ ಗಂಟೆಯನ್ನಾದರೂ ಆಕೆಗೆ ಬಿಟ್ಟುಕೊಡಲಿ. ಪೂರ್ವ ವಿದ್ಯಾರ್ಥಿನಿಯರಾದ ನೀವಾದರೋ, ಕಲಿತದ್ದನ್ನು ನೆರೆಮನೆಯ ಒಂದು ಮಗುವಿಗಾದರೂ ಕಲಿಸತಕ್ಕದ್ದೆಂದು ನಮ್ಮ ವಿನಂತಿ.