ಕೆಲಸ ಬಿಡದೆ ಮೊದಲ ಜಾಗ: ಬೆಂಗ್ರೆಯಿಂದ ಹೊರಟವರಿಗೆ ಏಳು ಹಂತ

ಬೆಳಿಗ್ಗೆ ಬೋಟಿನಲ್ಲಿ ಹೊಳೆ ದಾಟಿ ಬಂದರಿಗೆ, ಅಲ್ಲಿಂದ ಬಸ್ಸು ಹಿಡಿದು ಕೆಲಸಕ್ಕೆ. ಸಂಜೆ ಅದೇ ದಾರಿಯಲ್ಲಿ ಮನೆಗೆ. ಈ ದಿನಚರಿಯ ನಡುವೆ ಜಾಗದಲ್ಲಿ ಹಣ ಹೂಡಲು ಆದೀತೇ ಎಂದು ಮಂಗಳೂರಿನ ಬೆಂಗ್ರೆಯ ಹುಡುಗ ಹುಡುಗಿಯರು ಕೇಳುತ್ತಾರೆ. ಖಂಡಿತ ಆಗುತ್ತದೆ. ತಿಂಗಳ ಸಂಬಳವೇ ನಿಮ್ಮ ಬಲ. ಬೇಗ ಕೊಂಡು ಬೇಗ ಮಾರುವ ಒತ್ತಡ ನಿಮಗಿಲ್ಲ, ಸರಿಯಾದ ಜಾಗ ಸಿಗುವವರೆಗೆ ಕಾಯಬಹುದು. ಕಾಯುವಾಗ ಏನೇನು ಮಾಡಬೇಕು ಎಂಬುದು ಇಲ್ಲಿದೆ.

ಹಂತ 1: ಮೊದಲು ಸ್ವಂತ ಮನೆಯ ಪತ್ರ

ಹೊಸ ಜಾಗ ಹುಡುಕುವ ಮೊದಲು ನಿಮ್ಮ ಮನೆಯ ಕಡತ ತೆರೆಯಿರಿ. ಹಕ್ಕುಪತ್ರಕ್ಕಾಗಿ ವರ್ಷಗಟ್ಟಲೆ ಕಾದ ಮನೆಗಳು ಬೆಂಗ್ರೆಯಲ್ಲಿವೆ. ಪತ್ರ ಬಂದಿದ್ದರೆ ಅದು ಯಾರ ಹೆಸರಿನಲ್ಲಿದೆ, ಮಾರಾಟದ ಮೇಲೆ ಎಷ್ಟು ವರ್ಷದ ನಿರ್ಬಂಧವಿದೆ, ಖಾತೆ ಆಗಿದೆಯೇ, ತೆರಿಗೆ ಕಟ್ಟಿದೆಯೇ ನೋಡಿ. ತೀರಿಕೊಂಡ ಹಿರಿಯರ ಹೆಸರಿನಲ್ಲೇ ಉಳಿದ ದಾಖಲೆಯನ್ನು ಸರಿಪಡಿಸಿ. ಇದಕ್ಕೆ ತಗಲುವ ಖರ್ಚು ಕಡಿಮೆ, ಕಲಿಯುವುದು ಬಹಳ. ಸ್ವಂತ ಮನೆಯ ಪತ್ರ ಓದಲು ಬಂದವರಿಗೆ ಮಾರುವವರ ಪತ್ರವೂ ಅರ್ಥವಾಗುತ್ತದೆ.

ಹಂತ 2: ಜೂನ್, ಜುಲೈ ಲೆಕ್ಕ

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಅಪ್ಪನೋ ಅಣ್ಣನೋ ಬೋಟಿಗೆ ಹೋಗುವವರಾದರೆ ಆ ದಿನಗಳಲ್ಲಿ ಮನೆ ನಡೆಯುವುದು ನಿಮ್ಮ ಸಂಬಳದಿಂದ. ಆ ಎರಡು ತಿಂಗಳೂ ಕಷ್ಟವಿಲ್ಲದೆ ಕಟ್ಟಬಹುದಾದ ಕಂತೇ ನಿಮ್ಮ ಮಿತಿ.

ಆರು ತಿಂಗಳ ಮನೆಖರ್ಚನ್ನು ಬೇರೆ ಇಡಿ. ಕಂತು ಸಂಬಳದ ಮೂರನೇ ಒಂದು ಭಾಗ ದಾಟದಿರಲಿ. ಕೈಗೆ 40,000 ರೂಪಾಯಿ ಬರುವವರಿಗೆ ಕಂತು ಸುಮಾರು 13,000. ಶೇ. 8.5 ಬಡ್ಡಿ, 20 ವರ್ಷದ ಅವಧಿ ಎಂದಿಟ್ಟುಕೊಂಡರೆ ಒಂದು ಲಕ್ಷ ಸಾಲಕ್ಕೆ ತಿಂಗಳಿಗೆ ಸುಮಾರು 868 ರೂಪಾಯಿ. ಅಂದರೆ ನಿಮ್ಮ ಅಳತೆಯ ಸಾಲ 15 ಲಕ್ಷ. ಇದರ ಹೊರತಾಗಿ ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ಸು, ಸರ್ಚಾರ್ಜು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 2 ಆಗಿದೆ. 15 ಲಕ್ಷದ ಜಾಗಕ್ಕೆ ಇವೆಲ್ಲ ಸೇರಿ ಒಂದು ಲಕ್ಷ ದಾಟುತ್ತದೆ. ಈ ಹಣ ಕೈಯಲ್ಲೇ ಇರಬೇಕು.

ಹಂತ 3: ಒಂದೇ ಊರು, ನಾಲ್ಕು ಭಾನುವಾರ

ಇಡೀ ಮಂಗಳೂರು ಸುತ್ತಬೇಡಿ. ಒಂದು ಪ್ರದೇಶ ಆರಿಸಿ ನಾಲ್ಕು ಭಾನುವಾರ ನಡೆಯಿರಿ. ಬಾಡಿಗೆ ಆದಾಯ ಬೇಕಿದ್ದರೆ ವಿದ್ಯಾರ್ಥಿಗಳು, ನರ್ಸ್‌ಗಳು ಇರುವ ದೇರಳಕಟ್ಟೆ, ಕಂಕನಾಡಿ, ಸುರತ್ಕಲ್ ಕಡೆ ನೋಡಿ. ಬ್ರೋಕರ್ ಹೇಳುವ ದರ ಕೇಳಿ. ಬಳಿಕ ಪಕ್ಕದ ಅಂಗಡಿಯಲ್ಲೂ ಬಾಡಿಗೆಯವರಲ್ಲೂ ವಿಚಾರಿಸಿ. ಇಲ್ಲಿ ಜಾಗದ ಮಾತು ಸೆಂಟ್ಸ್ ಲೆಕ್ಕದಲ್ಲಿ: ಒಂದು ಸೆಂಟ್ಸ್ ಎಂದರೆ 435.6 ಚದರ ಅಡಿ. ಕೇಳಿದ ದರವನ್ನೆಲ್ಲ ಒಂದೇ ಪುಸ್ತಕದಲ್ಲಿ ಬರೆಯುತ್ತ ಹೋದರೆ ನಾಲ್ಕನೇ ವಾರಕ್ಕೆ ನಿಜವಾದ ಬೆಲೆ ನಿಮಗೇ ತಿಳಿಯುತ್ತದೆ.

ಹಂತ 4: ರಾತ್ರಿ ಫೋನಿನಲ್ಲಿ, ಹಗಲು ವಕೀಲರಲ್ಲಿ

ಪಹಣಿಯನ್ನು ಭೂಮಿ ತಾಣದಲ್ಲೂ, ಋಣಭಾರ ಪತ್ರವನ್ನು, ಅಂದರೆ ಇಸಿಯನ್ನು, ಕಾವೇರಿ 2.0ರಲ್ಲೂ ಪಡೆಯಬಹುದು. ಇದಕ್ಕೆ ರಜೆ ಬೇಡ. ಕನಿಷ್ಠ 30 ವರ್ಷದ ಇಸಿ ತೆಗೆಸಿ. ಇಸಿಯಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ; ಬಾಯಿಮಾತಿನ ಪಾಲು, ನೋಂದಣಿಯಾಗದ ಕರಾರು ಅದರಲ್ಲಿ ಬರುವುದಿಲ್ಲ. ಒಂದು ದಿನ ರಜೆ ಹಾಕಿ ಮೂಲ ಪತ್ರ, ಭೂಪರಿವರ್ತನೆ ಆದೇಶ, ನಕ್ಷೆ, ಖಾತೆ ಎಲ್ಲವನ್ನೂ ನಿಮ್ಮದೇ ವಕೀಲರಿಗೆ ತೋರಿಸಿ. ಮಾರುವವರ ವಕೀಲರ ಮಾತು ಸಾಲದು.

ನಮ್ಮ ಜಿಲ್ಲೆಯಲ್ಲಿ ಮೂರು ಪ್ರಶ್ನೆಗಳನ್ನು ತಪ್ಪದೆ ಕೇಳಬೇಕು.

ಇದು ವರ್ಗವೋ ಕುಮ್ಕಿಯೋ? ವರ್ಗ ಎಂದರೆ ಪಟ್ಟಾ ಜಾಗ. ಕುಮ್ಕಿ ಎಂದರೆ ವರ್ಗ ಜಾಗಕ್ಕೆ ತಾಗಿದ 100 ಗಜದೊಳಗಿನ ಸರ್ಕಾರಿ ಭೂಮಿ. ಸೊಪ್ಪು, ಕಟ್ಟಿಗೆ ತರುವ ಸವಲತ್ತು ಇದೆ, ಒಡೆತನ ಇಲ್ಲ. ಬೇಲಿಯೊಳಗೆ 20 ಸೆಂಟ್ಸ್ ಕಂಡರೂ ಪತ್ರದಲ್ಲಿ 8 ಇದ್ದರೆ 8ಕ್ಕೆ ಮಾತ್ರ ಬೆಲೆ ಕೊಡಿ.

ಮೂಲಗೇಣಿಯೇ? ಮಂಗಳೂರು ನಗರದೊಳಗೆ ಇಂಥ ಜಾಗ ಇನ್ನೂ ಇದೆ. ಮೂಲಿ ಹಕ್ಕು, ಅಂದರೆ ಒಡೆತನ, ಒಬ್ಬರದು; ಮೂಲಗೇಣಿ ಹಕ್ಕು, ಅಂದರೆ ಶಾಶ್ವತ ಗೇಣಿ, ಇನ್ನೊಬ್ಬರದು. ಎರಡರಲ್ಲಿ ನೀವು ಕೊಳ್ಳುತ್ತಿರುವುದು ಯಾವುದು ಎಂದು ಪತ್ರದಲ್ಲೇ ಓದಿ.

ಎಲ್ಲ ವಾರಸುದಾರರ ಸಹಿ ಇದೆಯೇ? ಅಳಿಯಸಂತಾನದ ಕುಟುಂಬಗಳಲ್ಲಿ ಪಾಲು ಹೆಣ್ಣಿನ ಕವಲಿನಲ್ಲಿ ಸಾಗಿ ಬಂದಿರುತ್ತದೆ. ಮುಂಬಯಿಯಲ್ಲೋ ಗಲ್ಫಿನಲ್ಲೋ ಇರುವ ಒಬ್ಬರ ಸಹಿ ಬಿಟ್ಟುಹೋದರೂ ವ್ಯಾಜ್ಯ ನಿಮ್ಮ ಪಾಲಿಗೆ ಬರುತ್ತದೆ.

ಹಂತ 5: ಕಡಲನ್ನೂ ಕೇಳಿ

ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಗುರುಪುರ ಹೊಳೆ, ತುದಿಯಲ್ಲಿ ಅಳಿವೆ ಬಾಗಿಲು: ಬೆಂಗ್ರೆಯಲ್ಲಿ ಬೆಳೆದವರಿಗೆ ಮರಳು ಜಾಗ ಬದಲಿಸುವುದು ಗೊತ್ತು. ಇಂಥ ಕಡಲಂಚಿನ ನೆಲಕ್ಕೆ ಕಾನೂನು 1991ರ ಅಧಿಸೂಚನೆಯಲ್ಲಿ ನಿಯಮ ಹಾಕಿತು. 2011 ಮತ್ತು 2019ರಲ್ಲಿ ಹೊಸ ಅಧಿಸೂಚನೆಗಳು ಬಂದವು. ಸಮುದ್ರದ ಉಬ್ಬರ ರೇಖೆಯಿಂದ 500 ಮೀಟರ್‌ವರೆಗಿನ ನೆಲ, ಜೊತೆಗೆ ಉಬ್ಬರದ ನೀರು ಏರುವ ಹೊಳೆಗಳ ದಂಡೆ ಕರಾವಳಿ ನಿಯಂತ್ರಣ ವಲಯಕ್ಕೆ, ಅಂದರೆ ಸಿಆರ್‌ಝಡ್‌ಗೆ, ಸೇರುತ್ತವೆ. ಪತ್ರ ಸರಿಯಿದ್ದರೂ ಇಲ್ಲಿ ಮನೆ ಕಟ್ಟಲು ಅನುಮತಿ ಸಿಗದೇ ಹೋಗಬಹುದು. ಆದ್ದರಿಂದ ‘ಕಡಲು ಕಾಣುವ ಸೈಟು’ ಎಂದವರಲ್ಲಿ ಸಿಆರ್‌ಝಡ್ ನಕ್ಷೆ ಕೇಳಿ, ಸರ್ವೆ ನಂಬರು ಯಾವ ವಲಯದಲ್ಲಿದೆ ಎಂದು ಬರಹದಲ್ಲಿ ಪಡೆಯಿರಿ. ಜುಲೈಯ ಒಂದು ಜೋರು ಮಳೆಯ ದಿನ ಜಾಗಕ್ಕೆ ಹೋಗಿ ನೀರು ಎಲ್ಲಿ ನಿಲ್ಲುತ್ತದೆ ನೋಡಿ. ಬೇಸಿಗೆಯಲ್ಲಿ ಮಾತ್ರ ನೋಡಿದ ಜಾಗಕ್ಕೆ ಮುಂಗಡ ಕೊಡಬೇಡಿ.

ಹಂತ 6: ಮುಂಗಡ, ಕರಾರು

ಹೊಸ ಅಪಾರ್ಟ್‌ಮೆಂಟ್ ಅಥವಾ ಲೇಔಟ್ ಆದರೆ ಕರ್ನಾಟಕ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ, ಅಂದರೆ ರೇರಾದ, ತಾಣದಲ್ಲಿ ನೋಂದಣಿ ನೋಡಿ. ರೇರಾ ಕಾಯ್ದೆಯ ಪ್ರಕಾರ ನೋಂದಾಯಿತ ಕರಾರು ಇಲ್ಲದೆ ಬಿಲ್ಡರ್ ಶೇ. 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಹಣವೆಲ್ಲ ಬ್ಯಾಂಕ್ ಮೂಲಕವೇ ಹೋಗಲಿ. ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕೊಳ್ಳುವವರೇ ಶೇ. 1 ಟಿಡಿಎಸ್ ಕಡಿತ ಮಾಡಿ ಕಟ್ಟಬೇಕು. ಸರ್ಕಾರಿ ನೌಕರರು ಕೊಳ್ಳುವ ಮೊದಲೇ ಇಲಾಖೆಗೆ ತಿಳಿಸಬೇಕು.

ಹಂತ 7: ನೋಂದಣಿಯ ಮರುದಿನ

ಖಾತೆ ನಿಮ್ಮ ಹೆಸರಿಗೆ ಬರುವವರೆಗೆ ಕೆಲಸ ಮುಗಿದಿಲ್ಲ. ಗಡಿಗಲ್ಲು ಹಾಕಿಸಿ, ಬೇಲಿ ಕಟ್ಟಿಸಿ, ವರ್ಷವರ್ಷ ತೆರಿಗೆ ಕಟ್ಟಿ ರಸೀದಿ ಕಾದಿಡಿ. ಎರಡು ತಿಂಗಳಿಗೊಮ್ಮೆ ಹೋಗಿ ಬನ್ನಿ; ಪಕ್ಕದ ಮನೆಯವರ ಗುರುತು ಮಾಡಿಕೊಳ್ಳಿ. ಎರಡನೆಯ ಜಾಗದ ಯೋಚನೆ ಒಂದು ಪೂರ್ತಿ ವರ್ಷದ ಕಂತು ಕಟ್ಟಿದ ಮೇಲೆ ಇರಲಿ.

ಕೊನೆಗೆ ಒಂದು ಮಾತು. ಪತ್ರವಿಲ್ಲದ ನೆಲದ ಮೇಲೆ ಬದುಕುವುದು ಏನೆಂದು ಬೆಂಗ್ರೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಬೇರೆಯವರು ವಾಸವಿರುವ, ಹಕ್ಕು ಇತ್ಯರ್ಥವಾಗದ ಜಾಗ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಕೊಳ್ಳಬೇಡಿ. ಈ ಶನಿವಾರ ರಾತ್ರಿ ಮೊದಲ ಹಂತ ಶುರು ಮಾಡಿ: ಅಮ್ಮನಲ್ಲಿ ಕೇಳಿ, ಕಪಾಟಿನಲ್ಲಿರುವ ಮನೆಯ ಕಡತ ಕೆಳಗಿಳಿಸಿ.